ಫ್ರೇಮು ₹999, ಬಿಲ್ಲು ₹3,097: ಆನ್‌ಲೈನಿನಲ್ಲಿ ಕನ್ನಡಕ ಕೊಳ್ಳುವ ಮುನ್ನ

ಕಳೆದ ಮಳೆಗಾಲದಲ್ಲಿ ನನ್ನ ಕನ್ನಡಕದ ಕಡ್ಡಿ ಮುರಿಯಿತು. ಹಾಸನದಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ನನಗೆ ಕನ್ನಡಕವಿಲ್ಲದ ದಿನ ಲಗ್ನಪತ್ರಿಕೆಯಲ್ಲಿ ವರನ ಹೆಸರು ಎಲ್ಲಿದೆ, ಕಲ್ಯಾಣ ಮಂಟಪದ ಹೆಸರು ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ. ಅದೇ ರಾತ್ರಿ ಮೊಬೈಲಿನಲ್ಲಿ ₹999ರ ಒಂದು ಕಪ್ಪು ಫ್ರೇಮನ್ನು ಆರಿಸಿದೆ. ಮುಂದಿನ ಪ್ರತಿ ಪುಟದಲ್ಲೂ ‘ಹೆಚ್ಚಿನವರ ಆಯ್ಕೆ’ ಎಂದು ಬಣ್ಣ ಬಳಿದಿದ್ದನ್ನೇ ಒತ್ತುತ್ತಾ ಹೋದೆ. ಹಣ ಕಟ್ಟುವ ಪುಟಕ್ಕೆ ಬಂದಾಗ ಲೆಕ್ಕ ಹೀಗಿತ್ತು: ಫ್ರೇಮು ₹999, ತೆಳು ಬ್ಲೂ ಕಟ್ (ನೀಲಿ ಬೆಳಕು ಸೋಸುವ) ಗಾಜು ₹1,600, ಸದಸ್ಯತ್ವ ₹200, ಒಡೆದರೆ ಬದಲಿಸಿ ಕೊಡುವ ಖಾತರಿ ₹199, ಸಾಗಣೆ ₹99. ಒಟ್ಟು ₹3,097. ಮೂಗಿಗಿಂತ ಮೂಗುತಿ ಭಾರ.

ಹಣ ಕಟ್ಟದೆ ಮೊಬೈಲು ಆಫ್ ಮಾಡಿ ಮಲಗಿದೆ. ಎರಡು ದಿನ ಬಿಟ್ಟು ಅದೇ ಫ್ರೇಮನ್ನು, ಅದೇ ಜಾಲತಾಣದಿಂದ ₹1,598ಕ್ಕೆ ತರಿಸಿಕೊಂಡೆ. ನಡುವಿನ ಎರಡು ದಿನಗಳಲ್ಲಿ ಮಾಡಿದ್ದು ಒಂದೇ ಕೆಲಸ: ನನ್ನ ಕಣ್ಣಿನ ಅಂಕಿಗಳನ್ನು ನಾನೇ ಓದಲು ಕಲಿತೆ. ಇದನ್ನು ಕಲಿತವರಿಗೆ ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಬೇಡ ಎಂಬುದು ತಾನಾಗಿಯೇ ಕಾಣುತ್ತದೆ. ಕೂಪನ್ನು, ಹಬ್ಬದ ರಿಯಾಯಿತಿ ಎಲ್ಲ ಆಮೇಲಿನ ಮಾತು.

ಮೊದಲು ಚೀಟಿ

ಕಣ್ಣಿನ ಪರೀಕ್ಷೆಯಲ್ಲಿ ಮಾತ್ರ ಉಳಿತಾಯಕ್ಕೆ ಹೋಗಬೇಡಿ. ಮೊಬೈಲು ನೋಡಿಕೊಂಡು ಮನೆಯಲ್ಲೇ ಪವರ್ ತಿಳಿಯಿರಿ ಎನ್ನುವವರನ್ನು ನಾನು ನಂಬುವುದಿಲ್ಲ. ಗ್ಲುಕೋಮಾದಂಥ ಕಾಯಿಲೆ ಆರಂಭದಲ್ಲಿ ನೋವಿಲ್ಲದೆ, ಸದ್ದಿಲ್ಲದೆ ಬರುತ್ತದೆ. ಅದನ್ನು ಹಿಡಿಯುವುದು ಕಣ್ಣಿನ ವೈದ್ಯರು, ಮೊಬೈಲಲ್ಲ. ಖರ್ಚಿನ ಚಿಂತೆಯಿದ್ದರೆ ಹಾಸನ, ಚಿಕ್ಕಮಗಳೂರು ಎರಡೂ ಕಡೆ ಸರ್ಕಾರಿ ಜಿಲ್ಲಾ ಮಟ್ಟದ ಆಸ್ಪತ್ರೆಗಳಿವೆ. ಬೆಳಿಗ್ಗೆ ಬೇಗ ಹೋಗಿ ಸಾಲಿನಲ್ಲಿ ನಿಂತರೆ ಪವರ್ ಬರೆದ ಚೀಟಿ ಸಿಗುತ್ತದೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಇನ್ನೊಂದು ವಿಷಯ ಕೇಳಿಕೊಂಡು ಬನ್ನಿ: ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಡಿ ದೃಷ್ಟಿದೋಷವಿರುವ ಶಾಲಾ ಮಕ್ಕಳಿಗೆ ಉಚಿತ ಕನ್ನಡಕ ಕೊಡುತ್ತಾರೆ.

ಚೀಟಿ ಮಾಡಿಸುವ ಹೊತ್ತೂ ಮುಖ್ಯ. ಸಕ್ಕರೆ ಕಾಯಿಲೆ ಇರುವವರಲ್ಲಿ ರಕ್ತದ ಸಕ್ಕರೆ ಏರಿಳಿದಂತೆ ಕಣ್ಣಿನ ಪವರ್ ಕೂಡ ಬದಲಾಗುತ್ತದೆ. ಅದು ಹತೋಟಿಗೆ ಬರುವ ಮೊದಲೇ ಮಾಡಿಸಿದ ಕನ್ನಡಕ ಎರಡು ತಿಂಗಳಿಗೆ ದಂಡವಾದೀತು. ಪೊರೆಯ ಶಸ್ತ್ರಚಿಕಿತ್ಸೆ ಆದವರು ಕೊನೆಯ ಪವರನ್ನು ವೈದ್ಯರು ಬರೆದು ಕೊಡುವ ತನಕ ಕಾಯಬೇಕು.

ಈಗ ಚೀಟಿಯನ್ನು ಬೆಳಕಿಗೆ ಹಿಡಿಯಿರಿ. ‘ಓಡಿ’ ಅಥವಾ ‘ಆರ್’ ಎಂದರೆ ಬಲಗಣ್ಣು, ‘ಓಎಸ್’ ಅಥವಾ ‘ಎಲ್’ ಎಂದರೆ ಎಡಗಣ್ಣು. ಮೊದಲ ಅಂಕಣ ಸ್ಫಿಯರ್: ಮೈನಸ್ ಇದ್ದರೆ ದೂರದ್ದು ಮಸುಕು, ಪ್ಲಸ್ ಇದ್ದರೆ ಸಾಮಾನ್ಯವಾಗಿ ಹತ್ತಿರದ್ದಕ್ಕೆ ತೊಂದರೆ ಹೆಚ್ಚು. ಎರಡನೆಯದು ಸಿಲಿಂಡರ್, ಅಂದರೆ ಕಣ್ಣಿನ ಉಬ್ಬು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದವರಿಗೆ ಬೇಕಾದ ಪವರ್. ಅದು ಇದ್ದರೆ ಪಕ್ಕದಲ್ಲಿ ಅದರ ದಿಕ್ಕು ಹೇಳುವ ಆಕ್ಸಿಸ್ 1ರಿಂದ 180ರೊಳಗೆ ಇರಲೇಬೇಕು. ‘ಆಡ್’ ಎಂಬುದು ನಲವತ್ತು ದಾಟಿದವರಿಗೆ ಓದಲು ಕೂಡಿಸಬೇಕಾದ ಪವರ್. ಅಜ್ಜಂದಿರು ಕನ್ನಡಕಕ್ಕೆ ‘ಚಾಳೀಸು’ ಎನ್ನುತ್ತಿದ್ದದ್ದು ಆ ನಲವತ್ತರ ಲೆಕ್ಕದಲ್ಲೇ. ಪವರುಗಳೆಲ್ಲ 0.25ರ ಮೆಟ್ಟಿಲಿನಲ್ಲಿ ಏರಿಳಿಯುತ್ತವೆ. ನಿಮ್ಮ ಚೀಟಿಯಲ್ಲಿ 1.30 ಎಂದು ಕಂಡರೆ ನೀವು ಓದಿದ್ದು ತಪ್ಪು, ಅಥವಾ ಬರೆದವರದ್ದು.

ಇಲ್ಲಿ ನಮ್ಮ ಮನೆಯ ಒಂದು ಎಡವಟ್ಟನ್ನು ಹೇಳಬೇಕು. ಸಕಲೇಶಪುರದ ಭಾವನ ಚೀಟಿಯಲ್ಲಿ ಸಿಲಿಂಡರ್ -1.50, ಆಕ್ಸಿಸ್ 18 ಎಂದಿತ್ತು. ವೈದ್ಯರು 18ರ ತಲೆಯ ಮೇಲೆ ಡಿಗ್ರಿಯ ಪುಟ್ಟ ಸೊನ್ನೆ ಹಾಕಿದ್ದರು. ಆ ಸೊನ್ನೆ ಸ್ವಲ್ಪ ಕೆಳಗೆ ಜಾರಿತ್ತು. ನಾನು 180 ಎಂದು ಒತ್ತಿದೆ. ಕನ್ನಡಕ ಬಂತು, ಭಾವ ಹಾಕಿಕೊಂಡು ಅಂಗಳಕ್ಕಿಳಿದರು, “ನೆಲ ಓರೆಯಾಗಿದೆಯಲ್ಲೋ” ಎಂದರು. ಕಾಫಿ ಕಣ ಓರೆಯಾಗಿದೆಯೆಂದು ಮೊದಲು ಎಲ್ಲರೂ ನಕ್ಕೆವು. ಆಕ್ಸಿಸ್‌ನಲ್ಲಿ 180 ಎಂದರೂ ಸೊನ್ನೆ ಎಂದರೂ ಒಂದೇ ಗೆರೆ, ಹಾಗಾಗಿ ತಪ್ಪಿದ್ದು 18 ಡಿಗ್ರಿ. ಅಷ್ಟು ತಪ್ಪಿದರೆ ಸಿಲಿಂಡರಿನ ಪ್ರಯೋಜನದಲ್ಲಿ ಅರ್ಧಕ್ಕಿಂತ ಹೆಚ್ಚು ನಷ್ಟ. 30 ಡಿಗ್ರಿ ತಪ್ಪಿದರೆ ಪೂರ್ತಿ ನಷ್ಟ. ತಪ್ಪು ಅಂಕಿ ತುಂಬಿದ್ದು ನಾನೇ ಆದ್ದರಿಂದ ಹಣ ವಾಪಸು ಕೇಳಲು ಬಾಯಿ ಬರಲಿಲ್ಲ. ಅನುಮಾನವಿದ್ದರೆ ವೈದ್ಯರ ಬಳಿಯೇ 018 ಎಂದು ಮೂರು ಅಂಕಿಯಲ್ಲಿ ಬರೆಸಿಕೊಳ್ಳಿ.

ಪ್ಲಸ್, ಮೈನಸ್ ಚಿಹ್ನೆಗಳೂ ಹಾಗೆಯೇ. ಕೆಲವು ವೈದ್ಯರು ಸಿಲಿಂಡರನ್ನು ಪ್ಲಸ್‌ನಲ್ಲಿ ಬರೆಯುತ್ತಾರೆ, ಕೆಲವರು ಮೈನಸ್‌ನಲ್ಲಿ. ಎರಡೂ ಸರಿ, ಒಂದನ್ನು ಇನ್ನೊಂದಕ್ಕೆ ಪರಿವರ್ತಿಸಬಹುದು. ನೀವು ಪರಿವರ್ತಿಸಲು ಹೋಗದೆ ಇದ್ದದ್ದನ್ನು ಇದ್ದಂತೆ ತುಂಬಿ. ಜಾಲತಾಣ ಒಪ್ಪಿದರೆ ಚೀಟಿಯ ಫೋಟೊವನ್ನೂ ಸೇರಿಸಿ. ಜಗಳ ಬಂದರೆ ಅದೇ ಸಾಕ್ಷಿ.

ಚೀಟಿಯಲ್ಲಿಲ್ಲದ ಅಂಕಿ

ಎರಡು ಪಾಪೆಗಳ ನಡುವಿನ ಅಂತರಕ್ಕೆ ಅಂಗಡಿಯವರು ‘ಪಿ.ಡಿ.’ ಎನ್ನುತ್ತಾರೆ. ವಯಸ್ಕರಲ್ಲಿ ಇದು ಸರಾಸರಿ 63 ಮಿಲಿಮೀಟರ್ ಆಸುಪಾಸು. ಚೀಟಿಯಲ್ಲಿ ಸಾಮಾನ್ಯವಾಗಿ ಇದನ್ನು ಬರೆದಿರುವುದಿಲ್ಲ. ಪರೀಕ್ಷೆಯ ಹೊತ್ತಿನಲ್ಲೇ “ಪಿ.ಡಿ. ಕೂಡ ಬರೆದುಕೊಡಿ” ಎಂದು ಕೇಳಿದರೆ ಮುಗಿಯಿತು, ಬಹಳ ಮಂದಿ ಬರೆದು ಕೊಡುತ್ತಾರೆ.

ಮನೆಯಲ್ಲಿ ಅಳೆಯುವುದಾದರೆ ಕನ್ನಡಿಯ ಮುಂದೆ ಸ್ಕೇಲು ಹಿಡಿದು ಪಾಪೆಯಿಂದ ಪಾಪೆಗೆ ಅಳೆಯಿರಿ ಎಂದು ಎಲ್ಲ ಕಡೆ ಬರೆದಿರುತ್ತಾರೆ. ನೀಲಿ ಕಣ್ಣಿನವರಿಗೆ ಅದು ಸುಲಭ. ನಮ್ಮ ಕಪ್ಪು ಕಣ್ಣಿನಲ್ಲಿ ಪಾಪೆ ಎಲ್ಲಿ ಮುಗಿಯುತ್ತದೆ, ಸುತ್ತಲ ಬಣ್ಣ ಎಲ್ಲಿ ಶುರುವಾಗುತ್ತದೆ ಎಂದು ಕಾಣುವುದೇ ಇಲ್ಲ. ಅದಕ್ಕೆ ಹೀಗೆ ಮಾಡಿ. ಕಿಟಕಿಯ ಬೆಳಕಿನಲ್ಲಿ ಕುರ್ಚಿಯ ಮೇಲೆ ಕುಳಿತು, ದೂರದ ತೆಂಗಿನ ಮರವನ್ನೋ ನೀರಿನ ಟ್ಯಾಂಕನ್ನೋ ದಿಟ್ಟಿಸಿ. ಮನೆಯವರೊಬ್ಬರು ಪಕ್ಕಕ್ಕೆ ಸ್ವಲ್ಪ ಬಗ್ಗಿ, ನೋಟಕ್ಕೆ ಅಡ್ಡ ಬರದಂತೆ, ಹುಬ್ಬಿನ ಕೆಳಗೆ ಮಿಲಿಮೀಟರ್ ಸ್ಕೇಲನ್ನು ಅಡ್ಡ ಹಿಡಿಯಲಿ. ಬಲಗಣ್ಣಿನ ಕಪ್ಪು ಗುಂಡಿನ ಹೊರ ಅಂಚಿಗೆ ಸೊನ್ನೆ ಇಟ್ಟು, ಎಡಗಣ್ಣಿನ ಕಪ್ಪು ಗುಂಡಿನ ಒಳ ಅಂಚು, ಅಂದರೆ ಮೂಗಿನ ಕಡೆಯ ಅಂಚು, ಎಷ್ಟರ ಮೇಲೆ ಬಂತೆಂದು ಓದಲಿ. ಬಿಳಿಯ ಮೇಲೆ ಕಪ್ಪು ಗೆರೆಯಂತೆ ಅಂಚು ಚೆನ್ನಾಗಿ ಕಾಣುತ್ತದೆ, ಅಳತೆಯೂ ಪಾಪೆಯಿಂದ ಪಾಪೆಗಿರುವಷ್ಟೇ ಬರುತ್ತದೆ. ಮೂರು ಸಲ ಅಳೆದು ಎರಡು ಸಲ ಬಂದ ಅಂಕಿಯನ್ನು ಹಿಡಿಯಿರಿ. ನನ್ನದು 64, 62, 62. ಮಗಳ ಸ್ಕೇಲಿನ ಸೊನ್ನೆ ಸವೆದು ಹೋಗಿತ್ತು ಎಂಬುದು ಮೊದಲ ಸಲದ ಕಥೆ. ಮೊಬೈಲಿನ ಆ್ಯಪ್ ಎಟಿಎಂ ಕಾರ್ಡನ್ನು ಹಣೆಗೆ ಹಿಡಿಯಿರಿ ಎಂದರೆ ಬೆಚ್ಚಬೇಡಿ. ಎಲ್ಲ ಕಾರ್ಡುಗಳ ಉದ್ದ 85.6 ಮಿಲಿಮೀಟರ್, ಅದನ್ನೇ ಅಳತೆಗೋಲು ಮಾಡಿಕೊಳ್ಳುತ್ತದೆ ಅಷ್ಟೇ. ಅಂಕಿ ಇರುವ ಬದಿಯನ್ನು ಮಾತ್ರ ಹಣೆಯ ಕಡೆಗೆ ತಿರುಗಿಸಿ.

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆಂದರೆ, ಗಾಜಿನ ನಡುಬಿಂದು ಪಾಪೆಯ ಎದುರು ಕೂರದಿದ್ದರೆ ಗಾಜು ಪ್ರಿಸಂನಂತೆ ನೋಟವನ್ನು ಪಕ್ಕಕ್ಕೆ ಎಳೆಯುತ್ತದೆ. ಎಷ್ಟು ಸೆಂಟಿಮೀಟರ್ ತಪ್ಪಿದೆಯೋ ಅದನ್ನು ಪವರಿನಿಂದ ಗುಣಿಸಿದರೆ ಪ್ರಿಸಂ ಸಿಗುತ್ತದೆ. 1 ಪವರಿನವರಿಗೆ 3 ಮಿಲಿಮೀಟರ್ ತಪ್ಪಿದರೆ 0.3, ಗೊತ್ತೂ ಆಗದು. 6 ಪವರಿನವರಿಗೆ ಅದೇ ತಪ್ಪು 1.8, ಮಧ್ಯಾಹ್ನದ ಹೊತ್ತಿಗೆ ತಲೆನೋವು. ಓದುವ ಕನ್ನಡಕ ಮಾತ್ರ ಮಾಡಿಸುವವರು ದೂರದ ಪಿ.ಡಿ.ಯಿಂದ ಸುಮಾರು 3 ಮಿಲಿಮೀಟರ್ ಕಳೆಯಬೇಕು, ಏಕೆಂದರೆ ಹತ್ತಿರ ನೋಡುವಾಗ ಕಣ್ಣುಗಳು ಮೂಗಿನ ಕಡೆ ತಿರುಗುತ್ತವೆ.

ಫ್ರೇಮಿನ ಅಳತೆ

ಹಳೆಯ ಕನ್ನಡಕದ ಕಡ್ಡಿಯ ಒಳಬದಿಯಲ್ಲಿ ಸವೆದ ಅಕ್ಷರದಲ್ಲಿ ‘50 18 140’ ಎಂಬಂಥ ಮೂರು ಅಂಕಿಗಳಿರುತ್ತವೆ. ಒಂದು ಗಾಜಿನ ಅಗಲ, ಮೂಗಿನ ಮೇಲಿನ ಸೇತುವೆ, ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರಿನಲ್ಲಿ. ಹಳೆಯದು ಮುಖಕ್ಕೆ ಸರಿಯಾಗಿ ಕೂತಿದ್ದರೆ ಹೊಸದರಲ್ಲೂ ಒಂದೆರಡು ಮಿಲಿಮೀಟರಿನೊಳಗಿನದನ್ನೇ ಹುಡುಕಿ. ಮುಖದ ಮೇಲೆ ಫ್ರೇಮು ಕೂರಿಸಿ ತೋರಿಸುವ ಕ್ಯಾಮೆರಾದ ಆಟ ಚೆನ್ನಾಗಿದೆ, ಅಳತೆಗೆ ಅದನ್ನು ನಂಬಲಾಗದು.

ಮೊದಲೆರಡು ಅಂಕಿಗಳನ್ನು ಕೂಡಿಸಿ: 50 ಮತ್ತು 18, 68. ನನ್ನ ಪಿ.ಡಿ. 62. ವ್ಯತ್ಯಾಸ 6, ಒಂದು ಕಣ್ಣಿಗೆ 3. ಈ ವ್ಯತ್ಯಾಸ ಹೆಚ್ಚಾದಷ್ಟೂ ಗಾಜನ್ನು ಒಂದು ಪಕ್ಕಕ್ಕೆ ಸರಿಸಿ ಕತ್ತರಿಸಬೇಕಾಗುತ್ತದೆ. ಮೈನಸ್ ಪವರಿನವರ ಗಾಜು ಕಿವಿಯ ಕಡೆ ದಪ್ಪವಾಗುತ್ತದೆ. ಆಗ ‘ತೆಳು ಗಾಜು’ ಎಂದು ಇನ್ನೊಂದು ಸಾವಿರ ತೆರಬೇಕು. ಅಂದರೆ ಚಿಕ್ಕ ಫ್ರೇಮು ಆರಿಸಿದವರು ಗಾಜಿನಲ್ಲೂ ಉಳಿಸುತ್ತಾರೆ. ಈಗಿನ ಹುಡುಗರಿಗೆ ತಟ್ಟೆಯಗಲದ ಫ್ರೇಮೇ ಬೇಕು. ಅದರ ಖರ್ಚು ಹೀಗೆ ಬರುತ್ತದೆ.

ಹಣ ಸೋರುವುದು ಗಾಜಿನಲ್ಲಿ

ಗಾಜು ಎನ್ನುತ್ತೇವಾದರೂ ಈಗ ಬಹುಪಾಲು ಎಲ್ಲವೂ ಪ್ಲಾಸ್ಟಿಕ್ಕೇ. ಜಾಲತಾಣದಲ್ಲಿ 1.50, 1.56, 1.59, 1.61, 1.67, 1.74 ಎಂದು ಕಾಣುವುದು ಬೆಳಕನ್ನು ಬಗ್ಗಿಸುವ ಶಕ್ತಿಯ ಅಂಕಿ. ಅಂಕಿ ಏರಿದಂತೆ ಗಾಜು ತೆಳುವಾಗುತ್ತದೆ, ಬೆಲೆ ಏರುತ್ತದೆ. ‘ಒಳ್ಳೆಯದು, ಇನ್ನೂ ಒಳ್ಳೆಯದು’ ಎಂಬ ಮೆಟ್ಟಿಲು ಅಲ್ಲ ಅದು. ನಿಜ ಹೇಳಬೇಕೆಂದರೆ ಅಗ್ಗದ 1.50ರಲ್ಲಿ ಅಂಚಿನ ಬಣ್ಣದ ಚೆದುರುವಿಕೆ ಬಹಳ ಕಡಿಮೆ, ನೋಟ ಸ್ವಚ್ಛ. ನಿಮ್ಮ ಪವರ್ 2ರೊಳಗಿದ್ದರೆ 1.50 ಅಥವಾ 1.56 ಧಾರಾಳ ಸಾಕು. 2ರಿಂದ 4ರವರೆಗೆ 1.59 ಅಥವಾ 1.61 ನೋಡಬಹುದು. 1.67ರ ಯೋಚನೆ 4 ದಾಟಿದ ಮೇಲೆ. 1.59 ಎಂದರೆ ಪಾಲಿಕಾರ್ಬೊನೇಟ್, ಸುಲಭಕ್ಕೆ ಒಡೆಯದು. ಮಕ್ಕಳಿಗೆ, ಬೈಕಿನಲ್ಲಿ ಓಡಾಡುವವರಿಗೆ, ತೋಟದಲ್ಲಿ ಕೊಂಬೆ ರೆಂಬೆಗಳ ನಡುವೆ ಕೆಲಸ ಮಾಡುವವರಿಗೆ ಪವರ್ ಕಡಿಮೆಯಿದ್ದರೂ ಅದೇ ಲೇಸು.

ಲೇಪನಗಳಲ್ಲಿ ಹಣ ಕೊಡಲು ಯೋಗ್ಯವಾದದ್ದು ಒಂದು: ಪ್ರತಿಫಲನ ತಡೆಯುವ ‘ಎಆರ್‌ಸಿ’. ಲೇಪನವಿಲ್ಲದ ಗಾಜಿನ ಎರಡು ಮೈಗಳೂ ಸೇರಿ ಸುಮಾರು ಶೇಕಡಾ 8ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ. ರಾತ್ರಿ ಬಿ.ಎಂ. ರಸ್ತೆಯಲ್ಲಿ ಎದುರಿನ ಲಾರಿಯ ದೀಪ ಎರಡೆರಡಾಗಿ ಕಾಣುವುದು ಇದರಿಂದಲೇ. ಬಹಳಷ್ಟು ಕಡೆ ಇದು ಮೂಲ ಗಾಜಿನ ಬೆಲೆಯಲ್ಲೇ ಸೇರಿರುತ್ತದೆ, ವಿವರ ಓದಿ ನೋಡಿ.

ಬ್ಲೂ ಕಟ್ ವಿಷಯಕ್ಕೆ ಬರೋಣ. ದಿನಕ್ಕೆ ಹತ್ತು ಗಂಟೆ ಕಂಪ್ಯೂಟರಿನ ಮುಂದೆ ಕೂರುವ ನನಗೆ ಎಲ್ಲರೂ ಇದನ್ನೇ ಮಾರಲು ನೋಡುತ್ತಾರೆ. 2023ರಲ್ಲಿ ಕಾಕ್ರೇನ್ ಸಂಸ್ಥೆಯ ಪರಿಶೀಲನೆ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ, ಸಾಮಾನ್ಯ ಗಾಜಿಗೆ ಹೋಲಿಸಿದರೆ ನೀಲಿ ಬೆಳಕು ಸೋಸುವ ಗಾಜಿನಿಂದ ಕಣ್ಣಿನ ದಣಿವು ಅಲ್ಪಾವಧಿಯಲ್ಲಿ ಕಡಿಮೆಯಾಗುವುದು ಕಾಣಲಿಲ್ಲ ಎಂದಿತು. ಕಂಪ್ಯೂಟರಿನ ಮುಂದೆ ಕಣ್ಣು ಉರಿಯುವುದು ನಾವು ರೆಪ್ಪೆ ಮಿಟುಕಿಸುವುದನ್ನು ಮರೆಯುವುದರಿಂದ. ಅದಕ್ಕೆ ಲೇಪನ ಬೇಕಿಲ್ಲ, ಇಪ್ಪತ್ತು ನಿಮಿಷಕ್ಕೊಮ್ಮೆ ಬಾಗಿಲಾಚೆ ನೋಡಿದರೆ ಆಯಿತು. ಈ ಒಂದನ್ನು ಮತ್ತು ಬೇಡದ ತೆಳು ಗಾಜನ್ನು ತೆಗೆದಿದ್ದಕ್ಕೆ ನನ್ನ ₹1,600ರ ಗಾಜು ₹500ಕ್ಕೆ ಇಳಿಯಿತು.

ಬಿಸಿಲಿಗೆ ಕಪ್ಪಾಗುವ ಗಾಜು ಬಯಲುಸೀಮೆಯವರಿಗೆ ಹೇಗೋ ತಿಳಿಯದು, ಮಲೆನಾಡಿನಲ್ಲಿ ನನಗೆ ಸರಿ ಬರಲಿಲ್ಲ. ಅದು ಕಪ್ಪಾಗುವುದು ಅತಿನೇರಳೆ ಕಿರಣಕ್ಕೆ; ಚಳಿಯಲ್ಲಿ ಇನ್ನೂ ಕಪ್ಪಾಗುತ್ತದೆ, ತಿಳಿಯಾಗಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಮುಳ್ಳಯ್ಯನಗಿರಿಯಿಂದ ಇಳಿದು ಹೋಟೆಲಿನೊಳಗೆ ಹೋದರೆ ಕಾಫಿ ಬರುವ ತನಕವೂ ಕತ್ತಲೆ. ಕಾರಿನೊಳಗೋ, ಮುಂದಿನ ಗಾಜೇ ಆ ಕಿರಣವನ್ನು ತಡೆಯುವುದರಿಂದ ಸರಿಯಾಗಿ ಕಪ್ಪಾಗುವುದೇ ಇಲ್ಲ.

ನಲವತ್ತು ದಾಟಿದವರಿಗೆ

ದೂರ, ನಡು, ಹತ್ತಿರ ಮೂರನ್ನೂ ಒಂದೇ ಗಾಜಿನಲ್ಲಿ ಕೊಡುವ ಪ್ರೋಗ್ರೆಸಿವ್ ಕನ್ನಡಕವನ್ನು ಆನ್‌ಲೈನಿನಲ್ಲಿ ಮೊದಲ ಸಲ ಕೊಳ್ಳಬೇಡಿ. ಆ ಫ್ರೇಮು ನಿಮ್ಮ ಮುಖದ ಮೇಲೆ ಕೂತಾಗ ಪಾಪೆ ಗಾಜಿನ ತಳದಿಂದ ಎಷ್ಟು ಎತ್ತರದಲ್ಲಿದೆ ಎಂದು ಎದುರು ಕೂತು ಗುರುತು ಹಾಕಬೇಕು. ಎರಡು ಮಿಲಿಮೀಟರ್ ತಪ್ಪಿದರೆ ಪುಸ್ತಕ ಓದಲು ಕೋಳಿಯಂತೆ ಕತ್ತು ಎತ್ತಬೇಕಾದೀತು. ದೂರ, ಹತ್ತಿರ ಎರಡನ್ನು ಮಾತ್ರ ಕೊಡುವ ಬೈಫೋಕಲ್‌ಗೂ ಇದೇ ಮಾತು. 6ಕ್ಕಿಂತ ಹೆಚ್ಚು ಪವರ್ ಇರುವವರು, ಪ್ರಿಸಂ ಬರೆದಿರುವವರು, ಚಿಕ್ಕ ಮಕ್ಕಳು ಇವರಿಗೂ ಊರಿನ ಅಂಗಡಿಯೇ ಸರಿ.

ಅಗ್ಗದ ಒಂದು ದಾರಿಯಿದೆ: ಒಂದು ಪ್ರೋಗ್ರೆಸಿವ್ ಬದಲು ಎರಡು ಸಾದಾ ಕನ್ನಡಕ. ನನ್ನ ಬಲಗಣ್ಣಿನ ಚೀಟಿ ಹೀಗಿದೆ: ಸ್ಫಿಯರ್ +1.00, ಸಿಲಿಂಡರ್ -0.75, ಆಕ್ಸಿಸ್ 170, ಆಡ್ +1.50. ಓದಲು ಸ್ಫಿಯರಿಗೆ ಆಡ್ ಪೂರ್ತಿ ಕೂಡಿಸಬೇಕು: +2.50. ಒಂದು ತೋಳಿನಷ್ಟು ದೂರದ ಕಂಪ್ಯೂಟರಿಗೆ ಸುಮಾರು ಅರ್ಧ ಆಡ್ ಸಾಕು: +1.75. ಸಿಲಿಂಡರ್ ಮತ್ತು ಆಕ್ಸಿಸ್ ಎರಡರಲ್ಲೂ ಇದ್ದಂತೆಯೇ ಉಳಿಯುತ್ತವೆ. ಆರ್ಡರ್ ಪುಟದಲ್ಲಿ ‘ಸಿಂಗಲ್ ವಿಷನ್’ ಆರಿಸಿ ಈ ಹೊಸ ಅಂಕಿ ತುಂಬಿದರೆ ಆಡ್ ಅಂಕಣ ಖಾಲಿಯಿರಬೇಕು, ಇಲ್ಲದಿದ್ದರೆ ಎರಡು ಸಲ ಕೂಡಿಸಿದಂತಾಗುತ್ತದೆ. ಕಂಪ್ಯೂಟರಿನ ಅಂಕಿಯನ್ನು ಮಾತ್ರ ಪರೀಕ್ಷೆಯ ಹೊತ್ತಿನಲ್ಲೇ ವೈದ್ಯರಿಂದ ಒಪ್ಪಿಸಿಕೊಳ್ಳಿ. ನಿಮ್ಮ ಪರದೆ ಎಷ್ಟು ದೂರದಲ್ಲಿದೆ ಎಂದು ದಾರದಲ್ಲಿ ಅಳೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಎರಡೂ ಕಣ್ಣಿಗೆ ಒಂದೇ ಪ್ಲಸ್ ಪವರ್ ಇದ್ದು, ಸಿಲಿಂಡರ್ ಇಲ್ಲದಿದ್ದರೆ ಇಷ್ಟು ಕಷ್ಟವೂ ಬೇಡ. ಔಷಧ ಅಂಗಡಿಯ ಸಿದ್ಧ ಓದುವ ಕನ್ನಡಕ ಪಂಚಾಂಗ ನೋಡಲು ಸಾಕು.

ಬುಟ್ಟಿಯಿಂದ ಬಿಲ್ಲಿಗೆ

‘ಒಂದು ಕೊಂಡರೆ ಒಂದು ಉಚಿತ’ ಎಂಬಲ್ಲಿ ಉಚಿತವಾಗಿರುವುದು ಫ್ರೇಮೋ, ಗಾಜು ಸಮೇತವೋ ಎಂದು ನೋಡಿ. ಎರಡನೆಯದರ ಅಗತ್ಯವೇ ಇಲ್ಲದಿದ್ದರೆ ಅದು ಉಚಿತವಲ್ಲ. ಎರಡು ಜೋಡಿ ನಿಜವಾಗಿ ಬೇಕಿದ್ದರೆ, ಅಥವಾ ಮನೆಯಲ್ಲಿ ಇಬ್ಬರಿಗೆ ಒಟ್ಟಿಗೆ ಮಾಡಿಸುವುದಿದ್ದರೆ ಮಾತ್ರ ಸದಸ್ಯತ್ವದ ಹಣ ಹುಟ್ಟುತ್ತದೆ. ಮೊದಲ ಆರ್ಡರಿನ ರಿಯಾಯಿತಿ ಒಮ್ಮೆ ಮಾತ್ರ, ಅದನ್ನು ದುಬಾರಿ ಜೋಡಿಗೆ ಉಳಿಸಿಕೊಳ್ಳಿ. ಹಬ್ಬಕ್ಕೆ ಎರಡು ವಾರ ಮೊದಲೇ ಮೆಚ್ಚಿದ ಫ್ರೇಮಿನ ಬೆಲೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ‘ಶೇಕಡಾ 60 ಕಡಿತ’ದ ನಿಜ ಬಣ್ಣ ತಿಳಿಯುತ್ತದೆ. ತೆರಿಗೆಯನ್ನೂ ನೋಡಿ: 2025ರ ಸೆಪ್ಟೆಂಬರ್ 22ರಿಂದ ದೃಷ್ಟಿ ತಿದ್ದುವ ಕನ್ನಡಕಕ್ಕೆ ಜಿಎಸ್‌ಟಿ ಶೇಕಡಾ 5.

ಹಣ ಕಟ್ಟುವ ಮೊದಲು ಊರಿನ ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳಿ: “ಈ ಹಳೆಯ ಫ್ರೇಮಿಗೆ 1.56, ಎಆರ್‌ಸಿ ಗಾಜು ಹಾಕಿಸಿದರೆ ಎಷ್ಟು?” ಫ್ರೇಮು ಗಟ್ಟಿಯಿದ್ದರೆ ಇದೇ ಎಲ್ಲಕ್ಕಿಂತ ಅಗ್ಗವಾಗುವುದುಂಟು. ಅಂಗಡಿಯಲ್ಲಿ ಹತ್ತು ಫ್ರೇಮು ಹಾಕಿ ನೋಡಿ, ಮಾದರಿಯ ಸಂಖ್ಯೆ ಬರೆದುಕೊಂಡು ಬಂದು ಮೊಬೈಲಿನಲ್ಲಿ ಕೊಳ್ಳುವುದು ಮಾತ್ರ ನನಗೆ ಮನಸ್ಸಿಗೆ ಬರುವುದಿಲ್ಲ.

ವಾಪಸಾತಿಯ ನಿಯಮವನ್ನು ಆಗಲೇ ಓದಿ. ಪವರ್ ಗಾಜಿಗೆ ಕೆಲವರು ಹಣ ಕೊಡದೆ ಬದಲಿ ಮಾತ್ರ ಕೊಡುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಮೂಡಿಗೆರೆ, ಸಕಲೇಶಪುರದ ಒಳಗಿನ ತೋಟಗಳವರು ಪೇಟೆಯ ನೆಂಟರ ವಿಳಾಸ ಕೊಡುವುದು ಕ್ಷೇಮ. ಕೊರಿಯರ್ ಹುಡುಗ ಗೇಟಿನವರೆಗೂ ಬಂದರೂ ಒಟಿಪಿ ಬರಲು ಸಿಗ್ನಲ್ ಇರಬೇಕಲ್ಲ.

ಪೆಟ್ಟಿಗೆ ಬಂದ ಮೇಲೆ

ತೆರೆಯುವಾಗ ವಿಡಿಯೊ ಮಾಡಿ. ಕನ್ನಡಕವನ್ನು ಮೇಜಿನ ಮೇಲೆ ಇಟ್ಟು ನಾಲ್ಕು ಕಾಲಿನಲ್ಲೂ ಕೂರುತ್ತದೆಯೇ ನೋಡಿ. ಆಮೇಲೆ ಚಾಚಿದ ಕೈಯಲ್ಲಿ ಹಿಡಿದು ಒಂದು ಗಾಜಿನ ಮೂಲಕ ಕಿಟಕಿಯ ಸರಳು ನೋಡುತ್ತಾ ಕನ್ನಡಕವನ್ನು ನಿಧಾನಕ್ಕೆ ಎಡಕ್ಕೂ ಬಲಕ್ಕೂ ಸರಿಸಿ. ಸರಳು ಗಾಜಿನ ಜೊತೆಯಲ್ಲೇ ಸರಿದರೆ ಅದು ಮೈನಸ್, ಎದುರು ದಿಕ್ಕಿಗೆ ಸರಿದರೆ ಪ್ಲಸ್. ಚಿಹ್ನೆ ಅದಲು ಬದಲಾಗಿದ್ದರೆ ಇಲ್ಲಿಯೇ ಸಿಕ್ಕಿಬೀಳುತ್ತದೆ. ಗಾಜನ್ನು ಗಡಿಯಾರದ ಮುಳ್ಳಿನಂತೆ ತಿರುಗಿಸಿದಾಗ ಸರಳು ಕತ್ತರಿಯಂತೆ ಓರೆಯಾದರೆ ಅದರಲ್ಲಿ ಸಿಲಿಂಡರ್ ಇದೆ ಎಂದರ್ಥ. ನಿಖರವಾದ ಅಂಕಿ ಬೇಕಿದ್ದರೆ ಕನ್ನಡಕದ ಅಂಗಡಿಯ ಲೆನ್ಸ್‌ಮೀಟರಿನಲ್ಲಿ ಅಳೆಸಬಹುದು.

ಹೊಸ ಸಿಲಿಂಡರ್ ಇದ್ದರೆ ಮೊದಲ ಕೆಲವು ದಿನ ನೆಲ ತೇಲಿದಂತೆ ಅನ್ನಿಸುವುದು ಸಹಜ. ಒಂದೊಂದೇ ಕಣ್ಣು ಮುಚ್ಚಿ ಬಸ್ಸಿನ ಬೋರ್ಡು ಓದಿ. ಒಂದು ಕಣ್ಣಿಗೆ ಬೇಲೂರು, ಇನ್ನೊಂದಕ್ಕೆ ಮಸುಕು ಎಂದಾದರೆ ಅಭ್ಯಾಸವಾಗುತ್ತದೆಂದು ಕಾಯಬೇಡಿ, ವಾಪಸಾತಿಯ ಅವಧಿ ಮುಗಿದೀತು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿಗೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ₹5 ಲಕ್ಷದವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ.

ನನ್ನ ₹1,598ರ ಕನ್ನಡಕ ನೋಟಕ್ಕೆ ಸರಿಯಿತ್ತು, ಮೂಗಿನಿಂದ ಮಾತ್ರ ಜಾರುತ್ತಿತ್ತು. ಮುಜುಗರದಿಂದಲೇ ನಮ್ಮ ಬೀದಿಯ ಕನ್ನಡಕದ ಅಂಗಡಿಗೆ ಹೋದೆ. ಅವರು ಕಡ್ಡಿಯ ತುದಿಯನ್ನು ಬಿಸಿಗಾಳಿಗೆ ಹಿಡಿದು, ಹೆಬ್ಬೆರಳಿನಲ್ಲಿ ಬಗ್ಗಿಸಿ, ಕಿವಿಯ ಹಿಂದೆ ಎರಡು ಸಲ ಕೂರಿಸಿ ನೋಡಿದರು. ಎಲ್ಲಿಂದ ತಂದಿರಿ ಎಂದು ಕೇಳಲಿಲ್ಲ, ಐವತ್ತು ರೂಪಾಯಿ ತೆಗೆದುಕೊಂಡರು. ಅಮ್ಮನ ಬೈಫೋಕಲ್ಲಿನ ಚೀಟಿ ಜೇಬಿನಲ್ಲೇ ಇತ್ತು. ಅದನ್ನು ಅವರ ಮೇಜಿನ ಮೇಲೆ ಇಟ್ಟೆ.